ಐವತ್ತಾರರ ವೈಡ್ ರಿಸೀವರ್

ಯಾರಾದರೂ ನನ್ನ ಕಡೆಗೆ ಏನನ್ನಾದರೂ ಎಸೆದರೆ ನಾನು ಕಣ್ಣು ಮುಚ್ಚುತ್ತೇನೆ. ಇದು ಹುಟ್ಟುಗುಣ. ಧಾರವಾಡದ ಶಾಲೆಯಲ್ಲಿ ಕ್ರಿಕೆಟ್ ಆಡುವಾಗ ಗೆಳೆಯರು ನನ್ನನ್ನು ಬೌಂಡರಿ ಗೆರೆಯ ಆಚೆ ನಿಲ್ಲಿಸುತ್ತಿದ್ದರು. ಈಚೆ ಅಲ್ಲ, ಆಚೆ. ಮದುವೆಯಲ್ಲಿ ಅಕ್ಷತೆ ಬೀಳುವಾಗಲೂ ಕಣ್ಣು ಮುಚ್ಚಿಕೊಂಡಿದ್ದೆನಾದ್ದರಿಂದ, ನನ್ನ ಮದುವೆಯ ಮುಖ್ಯ ಘಳಿಗೆಯನ್ನು ಊರೆಲ್ಲ ನೋಡಿದೆ, ನಾನು ನೋಡಿಲ್ಲ. ಇಂಥವನ ಹೆಂಡತಿ ಫುಟ್‌ಬಾಲ್ ಹಿಡಿಯುವುದರಲ್ಲಿ ಹೆಸರು ಮಾಡಿದಳೆಂದರೆ ನೀವು ನಂಬುವುದು ಕಷ್ಟ. ನನಗೂ ಕಷ್ಟವಾಗಿತ್ತು.

ಫುಟ್‌ಬಾಲ್ ಎಂದರೆ ನಾವು ಒದೆಯುತ್ತಿದ್ದ ಫುಟ್‌ಬಾಲ್ ಅಲ್ಲ. ಈ ಕಡೆಯವರದು ಕೈಯಲ್ಲಿ ಎಸೆದು ಹಿಡಿದು ಓಡುವ ಆಟ. ಚೆಂಡು ದೊಡ್ಡದೊಂದು ಬಾದಾಮಿಯ ಹಾಗಿರುತ್ತದೆ. ಟೀವಿಯಲ್ಲಿ ಕಬ್ಬಿಣದ ಮುಖವಾಡ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಅದರ ಸೌಮ್ಯ ರೂಪಕ್ಕೆ ಫ್ಲ್ಯಾಗ್ ಫುಟ್‌ಬಾಲ್ ಎನ್ನುತ್ತಾರೆ. ಇಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ. ಪ್ರತಿಯೊಬ್ಬರ ಸೊಂಟಕ್ಕೂ ಎರಡು ಪಟ್ಟಿ ಇರುತ್ತವೆ. ಚೆಂಡು ಹಿಡಿದು ಓಡುವವಳ ಪಟ್ಟಿಯನ್ನು ಕಿತ್ತರೆ ಆಟ ಅಲ್ಲಿಗೆ ನಿಂತಿತು. ದೂರಕ್ಕೆ ಓಡಿ ಚೆಂಡು ಹಿಡಿಯುವವರಿಗೆ ವೈಡ್ ರಿಸೀವರ್ ಎಂದು ಹೆಸರು. ನನಗೆ ಗೊತ್ತಿದ್ದ ರಿಸೀವರ್ ಒಂದೇ, ಕರಿ ಟೆಲಿಫೋನಿನ ಮೇಲೆ ಮಲಗಿರುತ್ತಿದ್ದದ್ದು.

ನನ್ನ ಹೆಂಡತಿ ಶೈಲಾ ಇಂಥದ್ದೊಂದು ತಂಡಕ್ಕೆ ಸೇರಿದ್ದು ಆಕಸ್ಮಿಕ. ಟೊರಾಂಟೊ ಹತ್ತಿರದ ಜಾರ್ಜ್‌ಟೌನಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಪಾರ್ಕಿದೆ. ನಾನು ನಿವೃತ್ತನಾದ ಮೇಲೆ ಇಬ್ಬರೂ ಬೆಳಿಗ್ಗೆ ಅಲ್ಲಿ ನಡೆಯುತ್ತಿದ್ದೆವು. ನಡೆಯುತ್ತಿದ್ದೆವು ಎಂದರೆ, ಅವಳು ಮುಂದೆ, ನಾನು ಹಿಂದೆ. ಮೂವತ್ತು ವರ್ಷ ಟೊರಾಂಟೊದ ನೆಲದಡಿಯ ಚರಂಡಿ ಕೊಳವೆಗಳ ನಕ್ಷೆ ಬರೆದವನು ನಾನು. ಈಗಲೂ ನೆಲ ನೋಡಿಕೊಂಡೇ ನಡೆಯುತ್ತೇನೆ. ಏಪ್ರಿಲ್ ಕೊನೆಯ ಒಂದು ಭಾನುವಾರ ಅವಳು, ಜೆರಾರ್ಡ್ ಬಜಾರಿನಿಂದ ತಂದ ಮೆಂತ್ಯದ ಸೊಪ್ಪು ಎರಡೇ ದಿನಕ್ಕೆ ಬಾಡಿದ್ದನ್ನು ಹೇಳುತ್ತಿದ್ದಳು. ಮೈದಾನದ ಕಡೆಯಿಂದ ಚೆಂಡೊಂದು ತಿರುಗುತ್ತ ಬಂತು. ನಾನು ಪದ್ಧತಿಯಂತೆ ಕಣ್ಣು ಮುಚ್ಚಿದೆ. ತೆರೆದಾಗ ಚೆಂಡು ಅವಳ ಎರಡೂ ಕೈಗಳ ನಡುವೆ ಎದೆಗಾನಿಕೊಂಡಿತ್ತು. ಮೆಂತ್ಯದ ಮಾತು ನಿಂತಿರಲಿಲ್ಲ. ಒಂದೇ ಕೈಯಲ್ಲಿ ಭುಜದ ಮೇಲಿಂದ ಅದನ್ನು ವಾಪಸ್ ಬೀಸಿದಳು. ಅದು ಮೈದಾನದ ನಡುವೆ ನಿಂತಿದ್ದ ಎತ್ತರದ ಹೆಂಗಸಿನ ಕೈಗೇ ಹೋಗಿ ಕೂತಿತು.

ಆ ಹೆಂಗಸು ಡೆನಿಸ್. ಅಂಚೆ ಹಂಚುವ ಕೆಲಸದಿಂದ ನಿವೃತ್ತಳಾದವಳು, ನಲವತ್ತು ದಾಟಿದ ಹೆಂಗಸರ ಆ ತಂಡದ ನಾಯಕಿ, ಚೆಂಡು ಎಸೆಯುವವಳೂ ಅವಳೇ. ಓಡುತ್ತ ಬಂದು, ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದಳು. ಶೈಲಾ ಸಂಕೋಚದಿಂದ, "ಥ್ರೋಬಾಲ್," ಎಂದಳು. ಹುಬ್ಬಳ್ಳಿಯಲ್ಲಿ ಕಾಲೇಜಿನಲ್ಲಿದ್ದಾಗ ನಾಲ್ಕು ವರ್ಷ ಆಡಿದ್ದಳಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಆ ಸುದ್ದಿ ನನಗೆ ತಿಳಿದದ್ದೂ ಅಲ್ಲೇ, ಒಬ್ಬ ಅಪರಿಚಿತ ಅಂಚೆಯಾಕೆಯ ಜೊತೆಯಲ್ಲಿ. ಯಾಕೆ ಹೇಳಲಿಲ್ಲ ಎಂದು ಮನೆಗೆ ಬಂದು ಕೇಳಿದೆ. ನೀವು ಕೇಳಲಿಲ್ಲ ಎಂದು ಹೇಳಿ ಅವಳು ಅಳಿದುಳಿದ ಮೆಂತ್ಯ ಸೋಸಲು ಕೂತಳು.

ಥ್ರೋಬಾಲಿನಲ್ಲಿ ಒಂದು ನಿಯಮವಿದೆ. ಚೆಂಡನ್ನು ಹಿಡಿದ ಮೂರು ಸೆಕೆಂಡಿನೊಳಗೆ ನೆಟ್ಟಿನಾಚೆ ಎಸೆದುಬಿಡಬೇಕು. ಡೆನಿಸ್ ಕರೆದು ತಂಡಕ್ಕೆ ಸೇರಿಸಿಕೊಂಡ ಮೇಲೆ ಶೈಲಾಳ ಮೊದಲ ಪಂದ್ಯಕ್ಕೆ ನಾನು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದೆ. ಡೆನಿಸ್ ಎಸೆದ ಚೆಂಡು ಬಹಳ ಎತ್ತರಕ್ಕೆ ಹೋಯಿತು. ಅಂಥ ಹೊತ್ತಿನಲ್ಲಿ ಒಂದು ವಿಚಿತ್ರ ನಿಶ್ಶಬ್ದ ಇರುತ್ತದೆ. ಚೆಂಡು ತನ್ನ ಸುತ್ತ ತಾನೇ ತಿರುಗುತ್ತ, ಕೆಳಗಿನವರ ಅವಸರ ತನಗೆ ಸಂಬಂಧವಿಲ್ಲವೆಂಬಂತೆ ಸಾವಕಾಶವಾಗಿ ಬರುತ್ತಿರುತ್ತದೆ. ಎಲ್ಲರೂ ಸ್ವಲ್ಪ ಹೊತ್ತು ಮಕ್ಕಳಂತೆ ಬಾಯಿ ತೆರೆದು ಆಕಾಶ ನೋಡುತ್ತಾರೆ. ಆ ಸಲ ಮೊದಲ ಬಾರಿಗೆ ನಾನೂ ಕಣ್ಣು ಬಿಟ್ಟುಕೊಂಡಿದ್ದೆ. ಶೈಲಾ ಅದನ್ನು ಹೂವು ಎತ್ತಿಕೊಂಡಷ್ಟು ಹಗುರವಾಗಿ ಹಿಡಿದಳು. ಎದುರಿಗೆ ಮೈದಾನ ಖಾಲಿಯಿತ್ತು, ಓಡಿದರೆ ಸಾಕಿತ್ತು. ಅವಳು ನಿಂತು, ಗುರಿಯಿಟ್ಟು, ಚೆಂಡನ್ನು ಬೀಸಿ ಎದುರಾಳಿ ತಂಡದವಳೊಬ್ಬಳ ಕೈಗೆ ಎಸೆದುಬಿಟ್ಟಳು.

ಇಂಥದ್ದೊಂದು ನಡೆಯಬಹುದೆಂದು ಯಾರೂ ಊಹಿಸಿರಲಿಲ್ಲವಾದ್ದರಿಂದ ಪಂಚರಿಗೇ ಯಾವ ಸೀಟಿ ಊದಬೇಕೆಂದು ಹೊಳೆಯಲಿಲ್ಲ. ಎದುರಾಳಿಯವಳು ಮಾತ್ರ ತುಂಬ ಸಭ್ಯಳು, ಥ್ಯಾಂಕ್ಯೂ ಎಂದಳು.

ಅಂದಿನಿಂದ ನಮ್ಮ ಹಿತ್ತಲಿನಲ್ಲಿ ತಾಲೀಮು ಶುರುವಾಯಿತು. ಎಸೆಯುವವನು ನಾನು. ನಾನೆಸೆದ ಚೆಂಡು ಹೆಚ್ಚಾಗಿ ಪಕ್ಕದ ಮನೆಯ ಟೊಮೆಟೊ ಗಿಡಗಳಿಗೆ ಹೋಗುತ್ತಿತ್ತು. ದಾರಿ ತಪ್ಪಿ ಅವಳ ಕಡೆಗೆ ಬಂದರೆ ಅವಳು ಹಿಡಿಯುತ್ತಿದ್ದಳು, ಮರುಕ್ಷಣವೇ ನನ್ನ ಎದೆಗೆ ಹೊಡೆಯುತ್ತಿದ್ದಳು. ಪಕ್ಕದ ಊರು ಬ್ರ್ಯಾಂಪ್ಟನ್‌ನಿಂದ ತಂಡದ ಹರ್‌ಜೀತ್ ಬಂದು ತಿದ್ದುತ್ತಿದ್ದಳು. ಲಾರಿ ಕಂಪನಿಯೊಂದರಲ್ಲಿ ಯಾವ ಲಾರಿ ಯಾವ ದಾರಿ ಹಿಡಿಯಬೇಕೆಂದು ಫೋನಿನಲ್ಲಿ ಹೇಳುವುದು ಅವಳ ಕೆಲಸ. ತಂಡದ ನಾಲ್ವರು ರಿಸೀವರುಗಳಲ್ಲಿ ಅವಳೇ ಹಿರಿಯಳು. ಹಿಡಿದ ಮೇಲೆ ಚೆಂಡನ್ನು ಪಕ್ಕೆಲುಬಿಗೆ ಒತ್ತಿಕೊಂಡು ಓಡಬೇಕು, ಮಗುವನ್ನು ಎತ್ತಿಕೊಂಡ ಹಾಗೆ ಎಂದು ಅವಳು ತೋರಿಸುತ್ತಿದ್ದಳು.

ಒಂದು ಸಂಜೆ ಶೈಲಾ ಹುಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತ ಹೇಳಿದಳು. "ಕೈಗೆ ಬಂದದ್ದು ನಂದು ಅಂತ ಅನಸೂದೇ ಇಲ್ಲ ನೋಡ್ರಿ. ಕೊಟ್ಟ ಬಿಡಬೇಕು ಅನಸ್ತದ."

ಅವಳು ಆಟದ ಬಗ್ಗೆಯೇ ಹೇಳಿದ್ದು. ಆದರೆ ನನಗೆ ನಿದ್ದೆಗೆಟ್ಟಷ್ಟು ಯೋಚನೆಯಾಯಿತು. ತವರಿನಿಂದ ಬಂದ ಇಳಕಲ್ ಸೀರೆ ನನ್ನ ತಂಗಿಯ ಮೈಮೇಲೆ ಕಂಡದ್ದು ನೆನಪಾಯಿತು. ಊಟಕ್ಕೆ ಕೂತಾಗ ಕೊನೆಯ ರೊಟ್ಟಿ ಅವಳ ತಾಟಿನಲ್ಲಿ ಬಿದ್ದದ್ದೇ ತಡ ನನ್ನ ತಾಟಿಗೆ ಹಾರಿ ಬರುತ್ತಿತ್ತು. ನಾನು ಅದು ರೊಟ್ಟಿಯ ಸ್ವಭಾವವೇ ಇರಬೇಕು ಎಂದುಕೊಂಡು ಉಣ್ಣುತ್ತಿದ್ದೆ. ಪಡೆಯುವವನಿಗೆ ನಮ್ಮ ಹಿರಿಯರು 'ಪಾತ್ರ' ಎಂದರು. ದಾನಕ್ಕೆ ಪಾತ್ರ, ಪ್ರೀತಿಗೆ ಪಾತ್ರ. ಪಾತ್ರ ಎಂದರೆ ತುಂಬಿಸಿಕೊಳ್ಳುವ ಪಾತ್ರೆಯೂ ಹೌದು, ಅದಕ್ಕೆ ಯೋಗ್ಯನಾದವನೂ ಹೌದು. ಕೊಡುವುದನ್ನು ನಮಗೆ ಎಲ್ಲರೂ ಕಲಿಸಿದರು. ತೆಗೆದುಕೊಂಡು ಇಟ್ಟುಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕೆಂದು ಯಾರೂ ಹೇಳಲಿಲ್ಲ. ಕೊಡುವ ಕೈ ಮೇಲೆ, ಇಸಿದುಕೊಳ್ಳುವ ಕೈ ಕೆಳಗೆ ಎನ್ನುತ್ತಾರೆ. ಆ ಮೈದಾನದಲ್ಲಿ ಮಾತ್ರ ಪಡೆಯುವವಳ ಕೈ ಮೇಲಿರುತ್ತದೆ, ಆಕಾಶದ ಕಡೆಗೆ.

ಬೇಸಿಗೆ ಮುಗಿಯುವ ಹೊತ್ತಿಗೆ ಶೈಲಾ ಓಡಲು ಕಲಿತಳು. ಲೀಗಿನವರು ತಿಂಗಳಿಗೊಮ್ಮೆ ಕಳಿಸುವ ಇಮೇಲಿನಲ್ಲಿ ಅವಳನ್ನು ಈ ವರ್ಷದ ಉದಯೋನ್ಮುಖ ವೈಡ್ ರಿಸೀವರ್ ಎಂದು ಬರೆದರು. ನಮ್ಮ ಕನ್ನಡ ಸಂಘದಲ್ಲಿ ಆ ವಿಶೇಷಣ ಕವಿಗಳಿಗೆ ಮೀಸಲು. ನಾನು ಅರವತ್ತರವರೆಗೂ ಉದಯೋನ್ಮುಖ ಕವಿಯಾಗಿದ್ದು, ಆಮೇಲೆ ನೇರವಾಗಿ ಹಿರಿಯ ಕವಿಯಾದೆ. ನಡುವೆ ಕವಿಯಾಗಿದ್ದ ಅವಧಿ ಯಾವುದೆಂದು ಗೊತ್ತಾಗಲಿಲ್ಲ. ಆದರೆ ಇಮೇಲಿಗಿಂತ ಹೆಚ್ಚಾಗಿ ಅವಳಿಗೆ ಹಿಡಿಸಿದ್ದು ಆ ನಾಲ್ವರ ಗುಂಪು. ಒಂದು ಚೆಂಡಿಗೆ ನಾಲ್ವರೂ ಓಡುತ್ತಾರೆ, ಹಿಡಿಯುವವಳು ಒಬ್ಬಳೇ. ಉಳಿದ ಮೂವರು ತಮಗೇ ಬರುತ್ತದೆಂಬಷ್ಟು ನಿಜವಾಗಿ ಓಡಿ, ಕಾವಲಿಗಿದ್ದವರನ್ನು ತಮ್ಮ ಹಿಂದೆ ಎಳೆದೊಯ್ಯಬೇಕು. ಹರ್‌ಜೀತ್ ಹಾಗೆ ಬರಿಗೈಯಲ್ಲಿ ಓಡಿ ಮೈದಾನದ ಮೂಲೆಯಲ್ಲಿ ಏದುಸಿರು ಬಿಡುತ್ತ, ಶೈಲಾ ಚೆಂಡು ಹಿಡಿದದ್ದನ್ನು ನೋಡಿ ನಗುವುದನ್ನು ನಾನು ಎಷ್ಟೋ ಸಲ ಕಂಡೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ತಂಡ ಫೈನಲ್ ತಲುಪಿತು. ಪಂದ್ಯ ಶನಿವಾರ ಹನ್ನೊಂದಕ್ಕೆ. ಅದೇ ದಿನ ಮಧ್ಯಾಹ್ನ ಬ್ರ್ಯಾಂಪ್ಟನ್‌ನಲ್ಲಿ ನಮ್ಮ ಸಂಘದ ದೀಪಾವಳಿ. ಸಂಘ ನಡೆಸುವವರು ಮೈಸೂರು ಕಡೆಯ ಒಬ್ಬ ನಿವೃತ್ತ ಮೂಳೆ ಡಾಕ್ಟರು. ಈ ದೇಶಕ್ಕೆ ನಮಗಿಂತ ಇಪ್ಪತ್ತು ವರ್ಷ ಮೊದಲು ಬಂದವರು. ಅವರು ಫೋನ್ ಮಾಡಿ, ಎಂದಿನಂತೆ ಶೈಲಮ್ಮನವರ ಕೈಯ ಹೋಳಿಗೆ, ಒಂದು ನೂರೈವತ್ತು ಎಂದರು. ನಾನು ಆಗಲಿ ಸಾರ್ ಎಂದೆ. ದಿನಾಂಕ ನೋಡಲಿಲ್ಲ. ನೋಡಿದ್ದರೂ ಆಗಲಿ ಎನ್ನುತ್ತಿದ್ದೆನೋ ಏನೋ. ಮೂವತ್ತೊಂದು ವರ್ಷದಲ್ಲಿ ಅವಳ ಪರವಾಗಿ ನಾನು ಹೇಳಿದ ಆಗಲಿಗಳಿಗೆ ಲೆಕ್ಕವಿಲ್ಲ.

ಶೈಲಾಳಿಗೆ ಹೇಳಿದಾಗ ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಮುಖದ ಮೇಲೆ ಏನೋ ಬಂದು ಹೋಯಿತು. ನಾನು ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು.

"ಕಡ್ಲಿಬ್ಯಾಳಿ ಎಷ್ಟ ತರಬೇಕು?" ಎಂದಳು.

ಜಗಳವಾಡಿದ್ದರೆ ಚೆನ್ನಾಗಿತ್ತು. ಅಭ್ಯಾಸಕ್ಕೆ ಕರೆದೊಯ್ಯಲು ಹರ್‌ಜೀತ್ ಬಂದಾಗ ಶೈಲಾ, ಫೈನಲ್ಲಿಗೆ ತಾನು ಬರಲಾಗುವುದಿಲ್ಲ, ಮನೆಯಲ್ಲಿ ಕೆಲಸವಿದೆ ಎಂದಳು. ಹರ್‌ಜೀತ್ ಕಾರಣ ಕೇಳಿ ತಿಳಿದುಕೊಂಡಳು. ಸೋಫಾದ ಮೇಲೆ ಪೇಪರಿನ ಹಿಂದೆ ಅಡಗಿದ್ದ ನನ್ನ ಕಡೆ ತಿರುಗಿದಳು. "ಭಾಯಿಸಾಬ್, ಹಾಂ ಆಪ್ ನೇ ಬೋಲಾ? ತೋ ಬನಾಯಿಯೇ ಭೀ ಆಪ್ ಹೀ," ಎಂದಳು. ಹೂಂ ಅಂದವನೇ ಮಾಡಲಿ ಎಂಬ ಆ ತೀರ್ಪನ್ನು ಅವಳು ಲಾರಿಗೆ ದಾರಿ ಹೇಳುವ ದನಿಯಲ್ಲಿ ಹೇಳಿದ್ದರಿಂದ ನನಗೆ ಮೇಲ್ಮನವಿಯ ಧೈರ್ಯವಾಗಲಿಲ್ಲ.

ಹೋಳಿಗೆ ಮಾಡುವುದಂತೂ ನನ್ನಿಂದಾಗದು. ಅವರಿಬ್ಬರೂ ಹೋದ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಅದಕ್ಕೂ ಮುಂಚೆ ಎರಡು ಲೋಟ ನೀರು ಕುಡಿದೆ. ಈ ಸಲ ಹೋಳಿಗೆ ಆಗುವುದಿಲ್ಲ, ಅವಳನ್ನು ಕೇಳದೆ ಒಪ್ಪಿಕೊಂಡದ್ದು ನನ್ನ ತಪ್ಪು, ಅವಳಿಗೆ ಅಂದು ಫುಟ್‌ಬಾಲ್ ಫೈನಲ್ ಇದೆ ಎಂದೆ. ಡಾಕ್ಟರು ಅವಳ ಮೊಣಕಾಲು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಅವರು ನಿಟ್ಟುಸಿರು ಬಿಟ್ಟರು. "ಲಾಡು ಅಂಗಡಿಯಿಂದ ತರಿಸೋಣ ಬಿಡಿ. ಮ್ಯಾಚ್ ಎಲ್ಲಿ, ಎಷ್ಟು ಗಂಟೆಗೆ?"

ಸಂಜೆ ಶೈಲಾಳಿಗೆ ವಿಷಯ ತಿಳಿಸಿದೆ. ಅವಳು ನಂಬದವಳಂತೆ ನೋಡಿ, "ಡಾಕ್ಟರ್‌ಗೆ ನೀವ ಹೇಳಿದ್ರಿ? ಆಗೂದಿಲ್ಲ ಅಂತ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ನೆನೆಯಲು ಹಾಕಲೆಂದು ತೆಗೆದಿಟ್ಟಿದ್ದ ಬೇಳೆಯನ್ನು ಸದ್ದಿಲ್ಲದೆ ಡಬ್ಬಿಗೆ ಸುರಿದಳು.

ಶನಿವಾರ ಚಳಿಯಿತ್ತು, ಮೋಡವಿತ್ತು. ಡಾಕ್ಟರು ಮಂಕಿ ಕ್ಯಾಪು ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದರು. ಮೈದಾನದ ಅಂಚಿನ ಮೇಪಲ್ ಮರಗಳು ಉಳಿದೆಲೆಗಳನ್ನು ಒಂದೊಂದಾಗಿ ಬಿಡುತ್ತಿದ್ದವು. ಎಲೆ ಬೀಳುವುದೂ ಚೆಂಡು ಬೀಳುವುದೂ ಒಂದೇ ವೇಗದಲ್ಲಿ ಕಂಡು ನನಗೆ ಎಲ್ಲೋ ಕನಸಿನಲ್ಲಿ ಕೂತ ಹಾಗಾಗಿತ್ತು. ಪಂದ್ಯದ ಕೊನೆಗೆ ನಮ್ಮವರು ಐದು ಅಂಕ ಹಿಂದಿದ್ದರು; ಒಂದೇ ಎಸೆತ ಬಾಕಿ. ಚೆಂಡು ಗೆರೆ ದಾಟಿದರೆ ಆರು ಅಂಕ, ಗೆಲುವು. ಡೆನಿಸ್ ಹಿಂದೆ ಹಿಂದೆ ಸರಿದು ಎಸೆದಳು. ಮೂವರು ಮೂರು ದಿಕ್ಕಿಗೆ ಓಡಿದ್ದರು. ಶೈಲಾ ಹಿಂದಿರುಗಿಯೂ ನೋಡದೆ ಓಡುತ್ತಿದ್ದವಳು, ಬರುವುದು ಗೊತ್ತಿದ್ದವಳಂತೆ ಕೈಯೆತ್ತಿದಳು.

ಹಿಡಿದಳು. ಒಂದು ಕ್ಷಣ ನಿಂತಳು. ಆಮೇಲೆ ಚೆಂಡನ್ನು ಪಕ್ಕೆಗೊತ್ತಿಕೊಂಡು ಓಡಿದಳು. ನಾನು ಎದ್ದು ನಿಂತು ಏನು ಕೂಗಿದೆನೋ ನೆನಪಿಲ್ಲ. ಕನ್ನಡದಲ್ಲಿ ಕೂಗಿದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಗೆರೆಗೆ ಎರಡು ಹೆಜ್ಜೆ ಇದ್ದಾಗ ಎದುರಾಳಿಯವಳೊಬ್ಬಳು ಅಡ್ಡ ಬಂದು ಸೊಂಟದ ಪಟ್ಟಿ ಕಿತ್ತಳು. ಸೀಟಿ ಊದಿದರು. ಸೋತೆವು.

ಹೆಂಗಸರು ಎರಡೂ ಕಡೆಯವರು ಕೈಕುಲುಕಿದರು. ಡೆನಿಸ್ ಬಂದು ಶೈಲಾಳ ಬೆನ್ನು ತಟ್ಟಿದಳು, ಹರ್‌ಜೀತ್ ಅಪ್ಪಿಕೊಂಡು ಅತ್ತಳು. ಶೈಲಾ ಅಳಲಿಲ್ಲ. ಪಂಚರು ಚೆಂಡಿಗಾಗಿ ಕೈ ಚಾಚಿ ನಿಂತರು. ಅವಳು ಅದನ್ನು ಅವಚಿಕೊಂಡೇ ಅವರ ಮುಖ ನೋಡಿ, "ತಡೀರಿ ಸ್ವಲ್ಪ," ಎಂದಳು. ಅರ್ಥವಾಗದಿದ್ದರೂ ಅವರು ತಡೆದರು.

ಸಂಘದ ಕಾರ್ಯಕ್ರಮಕ್ಕೆ ಇನ್ನೂ ಎರಡು ಗಂಟೆಯಿತ್ತು. ಮನೆಗೆ ಹೋಗಿ ಸ್ನಾನ ಮಾಡಿ ಹೊರಡೋಣವೆಂದು ಕಾರು ಹತ್ತಿದೆವು. ಅವಳ ಮೊಣಕೈಗೆ ಹುಲ್ಲು ಮೆತ್ತಿತ್ತು, ಕೆನ್ನೆ ಕೆಂಪಾಗಿತ್ತು. ಸಮಾಧಾನ ಹೇಳಬೇಕೆಂದು ನಾನು ನಾಲ್ಕೈದು ವಾಕ್ಯ ಸಿದ್ಧಪಡಿಸಿಕೊಂಡಿದ್ದೆ. ಅವಳ ಮುಖ ನೋಡಿದರೆ ಯಾವುದೂ ಬೇಕಾಗಿರಲಿಲ್ಲ. ನಮ್ಮ ಬೀದಿಯ ತಿರುವು ಬಂತು. ಇಂಡಿಕೇಟರ್ ಹಾಕಿದೆ.

"ಮನಿ ಬ್ಯಾಡ್ರಿ ಈಗ," ಎಂದಳು. "ಹಿಂಗ ಮುಂದ ಹೋಗ್ರಿ."

ನಾನು ಇಂಡಿಕೇಟರ್ ಆರಿಸಿದೆ. ಊರು ದಾಟಿ ಉತ್ತರದ ಕಡೆ ಹೊರಟೆವು. ಕೊಯ್ಲಾದ ಜೋಳದ ಹೊಲಗಳು ಬಂದವು, ಒಂದು ಬಿಳಿ ಚರ್ಚು ಬಂತು, ಮತ್ತೆ ಹೊಲಗಳು. ಗಾಜಿನ ಮೇಲೆ ಆ ವರ್ಷದ ಮೊದಲ ಹಿಮದ ಹನಿಗಳು ಬಂದು ಕರಗತೊಡಗಿದವು. ಅವಳು ಸೀಟು ಹಿಂದಕ್ಕೆ ಮಾಡಿಕೊಂಡು ನೋಡುತ್ತಿದ್ದಳು. ನಾನು ಪೆಟ್ರೋಲಿನ ಮುಳ್ಳಿನ ಕಡೆ ಕಣ್ಣು ಹಾಯಿಸಿದೆ. ಅರ್ಧ ಟ್ಯಾಂಕಿತ್ತು. ನಮ್ಮ ವಯಸ್ಸಿಗೆ ಅದು ಕಡಿಮೆಯೇನಲ್ಲ.