ದೀಪ ದೊಡ್ಡದು ಮಾಡಿ

ಮೂರು ವರ್ಷ ನಾನು ಕೂದಲು ಕತ್ತರಿಸಿದ್ದೇನೆ. ಸಲೂನಿನಲ್ಲಲ್ಲ, ಅಂಧೇರಿಯ ಒಂದು ಸ್ಟುಡಿಯೋದ ಮೂರನೆಯ ಮಹಡಿಯಲ್ಲಿ, ಕಂಪ್ಯೂಟರಿನ ಮುಂದೆ ಕೂತು. ತೆರೆಯ ಮೇಲೆ ಒಬ್ಬಳು ತಲೆ ತಿರುಗಿಸಿದರೆ ಅವಳ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬೇರೆ ಮಾಡಬೇಕು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ, ಇಪ್ಪತ್ತನಾಲ್ಕರಲ್ಲೂ ಗೆರೆ, ಗಾಳಿಗೆ ಹಾರುವ ಎಳೆಗೂ ಗೆರೆ. ಇದಕ್ಕೆ ರೋಟೊ ಎನ್ನುತ್ತಾರೆ. ಅದೇ ಮಹಡಿಯ ಇನ್ನೊಂದು ತುದಿಯಲ್ಲಿ, ಕರಿ ಪರದೆ ಹಾಕಿದ ಕೋಣೆಯಲ್ಲಿ, ಲೈಟಿಂಗಿನವರು ಕೂರುತ್ತಿದ್ದರು. ಕಂಪ್ಯೂಟರಿನಲ್ಲಿ ಕಟ್ಟಿದ ಮನೆಗೂ ಅದರೊಳಗಿನ ಮನುಷ್ಯರಿಗೂ ಬೆಳಕು ಕೊಡುವುದು ಅವರ ಕೆಲಸ. ದೀಪದ ಬೆಳಕು, ಬಾಗಿಲಿನ ಬೆಳಕು, ನೆರಳು, ಹೊಗೆ ಎಲ್ಲ ಬೇರೆ ಬೇರೆ ಪದರಗಳಾಗಿ ಬರುತ್ತವೆ. ಅವನ್ನು ಒಂದರ ಮೇಲೊಂದು ಕೂಡಿಸಿ ಒಂದೇ ಚಿತ್ರ ಮಾಡುವುದೂ ಅವರದೇ. ನನಗೆ ಆ ಕೋಣೆಯೊಳಗೆ ಒಂದು ಕುರ್ಚಿ ಬೇಕಿತ್ತು.

ರೋಟೊದಿಂದ ಯಾರೂ ಆ ಪರದೆ ದಾಟಿದ್ದಿಲ್ಲ ಎಂದು ನಮ್ಮ ವಿಭಾಗದ ಮೇಲಿನವರು ನಗುತ್ತ ಹೇಳಿದರು. ಅಲ್ಲಿಗೆ ಕಲಾಶಾಲೆಯಲ್ಲಿ ಕಲಿತವರು ಬೇಕಂತೆ. ನಾನು ಬಿ.ಕಾಂ. ಮಾಡಿದವಳು, ಆಂಟಾಪ್ ಹಿಲ್‌ನ ಒಂದೇ ಕೋಣೆಯ ಮನೆಯವಳು. ಆದರೆ ವರ್ಷಕ್ಕೊಮ್ಮೆ ಒಳಗಿನ ಯಾರು ಬೇಕಾದರೂ ಲೈಟಿಂಗ್ ಪರೀಕ್ಷೆಗೆ ಕೂರಬಹುದು ಎಂದು ನೋಟಿಸಿನಲ್ಲಿ ಬರೆದಿತ್ತು. ಅದರಲ್ಲಿ ಕಲಾಶಾಲೆಯ ಮಾತು ಎಲ್ಲೂ ಇರಲಿಲ್ಲ. ನಾನು ಎರಡು ಸಲ ಓದಿ ನೋಡಿದ್ದೆ.

ಹಾಗಾಗಿ ಭಾನುವಾರಗಳಲ್ಲಿ ದಾದರ್‌ನ ಒಂದು ಕ್ಲಾಸಿಗೆ ಸೇರಿಕೊಂಡೆ. ಸ್ಟೇಷನ್ ಸೇತುವೆ ಇಳಿದು, ಹೂವಿನ ಮಾರ್ಕೆಟಿನ ನೂಕಾಟ ದಾಟಿ, ಒಂದು ಸೀರೆ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಹೇಳಿಕೊಟ್ಟ ಮೊದಲ ಪಾಠ: ಯಾವ ವಸ್ತುವಿಗಾದರೂ ಮೂರು ಬೆಳಕು. ಒಂದು ಮುಖ್ಯದ್ದು, ಒಂದು ಹಿಂದಿನಿಂದ, ಇನ್ನೊಂದು ನೆರಳು ತುಂಬಲು. ನಾನು ಒಂದು ತಂಬಿಗೆಗೆ ಮೂರೂ ಹಚ್ಚಿ, ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ವಿಜಯಪುರ ಕಡೆಯಿಂದ ಬಂದು ಈ ಊರಲ್ಲಿ ಗೋಡೆಗಳಿಗೆ ಬಣ್ಣ ಬಳಿಯುವವನು. ಚಹಾದ ಕಪ್ಪು ಕೆಳಗಿಟ್ಟು ಬಹಳ ಹೊತ್ತು ನೋಡಿದ.

"ಈ ಮೂಲ್ಯಾಗ ಯಾರವಾ ಬ್ಯಾಟರಿ ಹಿಡ್ಕೊಂಡು ನಿಂತವರು?" ಎಂದ.

ಯಾರೂ ಇಲ್ಲ, ಪಾಠದಲ್ಲಿ ಹಾಗಿದೆ ಎಂದೆ. ಹಾಗಾದರೆ ಪಾಠ ಬರೆದವನೇ ನಿಂತಿರಬೇಕು ಎಂದು ಅಪ್ಪ ಮತ್ತೆ ಕಪ್ಪು ಎತ್ತಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಭಾನುವಾರ ಕ್ಲಾಸು ಬಿಟ್ಟು ಅವನ ಜೊತೆಗೇ ಚೆಂಬೂರಿನ ಒಂದು ಫ್ಲ್ಯಾಟಿಗೆ ಹೋದೆ. ಬಣ್ಣ ನಿಕ್ಕಿ ಮಾಡುವ ಮೊದಲು ಅಪ್ಪ ಪ್ರತಿ ಕೋಣೆಯ ಗೋಡೆಗೂ ಅಂಗೈಯಗಲ ಬಳಿದು ಬಿಡುತ್ತಾನೆ. ಬೆಳಿಗ್ಗೆ ನೋಡುತ್ತಾನೆ, ಮಧ್ಯಾಹ್ನ ನೋಡುತ್ತಾನೆ, ಟ್ಯೂಬ್‌ಲೈಟ್ ಹಚ್ಚಿಸಿ ನೋಡುತ್ತಾನೆ. ಒಂದೇ ಡಬ್ಬಿಯ ಬಿಳಿ, ಬಾಲ್ಕನಿ ಕಡೆ ಹಾಲಿನಂತಿತ್ತು, ಹಿಂದಿನ ಕೋಣೆಯಲ್ಲಿ ಅಕ್ಕಿ ತೊಳೆದ ನೀರಿನಂತಿತ್ತು. ಅಡುಗೆಮನೆಯ ನೆಲ ಕೆಂಪು, ಹಾಗಾಗಿ ಅಲ್ಲಿನ ಗೋಡೆಯ ಬುಡಕ್ಕೂ ಕೆಂಪು ಹತ್ತಿತ್ತು. ನೆಲಕ್ಕೆ ಬಿದ್ದ ಬೆಳಕು ಸುಮ್ಮನೆ ಬಿದ್ದಿರುವುದಿಲ್ಲ, ಎದ್ದು ಗೋಡೆಗೆ ಹೋಗುತ್ತದೆ ಎಂದು ಅಪ್ಪ ತೋರಿಸಿದ. ಕ್ಲಾಸಿನಲ್ಲಿ ಅದಕ್ಕೊಂದು ದೊಡ್ಡ ಇಂಗ್ಲಿಷ್ ಹೆಸರಿದೆ. ಅದನ್ನು ಮೂರು ತಿಂಗಳ ನಂತರ ಹೇಳಿಕೊಟ್ಟರು. ನಾನು ಅಷ್ಟರಲ್ಲಿ ಅದರಲ್ಲಿ ಪಳಗಿದ್ದೆ.

ಪರೀಕ್ಷೆಗೆ ಕೊಟ್ಟ ದೃಶ್ಯ ನೋಡಿ ನಗು ಬಂತು. ಒಂದೇ ಕೋಣೆಯ ಮನೆ, ಕೆಂಪು ನೆಲ, ಅರ್ಧ ತೆರೆದ ಬಾಗಿಲು, ಸಂಜೆ. ಬಿಳಿ ಸೀರೆಯ ಅಜ್ಜಿ ಅಕ್ಕಿ ಆರಿಸುತ್ತಿದ್ದಾಳೆ. ಗೂಡಿನಲ್ಲಿ ಎಣ್ಣೆಯ ದೀಪ, ಹಿಂದಿನ ಮೂಲೆಯಲ್ಲಿ ಪಾತ್ರೆಯ ಸ್ಟ್ಯಾಂಡು. ನನ್ನ ಜೊತೆ ಪರೀಕ್ಷೆಗೆ ಕೂತ ಕಲಾಶಾಲೆಯವರು ಇಂಥ ಮನೆಗಳ ಫೋಟೋ ಹುಡುಕುತ್ತ ಕೂತರು. ನನಗೆ ಮನೆಗೆ ಹೋದರೆ ಸಾಕಿತ್ತು.

ಲೈಟಿಂಗ್ ವಿಭಾಗದ ಮುಖ್ಯಸ್ಥರ ಮನೆತನ ಉಡುಪಿ ಕಡೆಯದು, ಅವರು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡವನ್ನು ಎಲ್ಲೋ ಪುಸ್ತಕದಿಂದ ಎತ್ತಿಕೊಂಡಂತೆ ಒಪ್ಪವಾಗಿ ಆಡುತ್ತಿದ್ದರು. ನಾನು ಕನ್ನಡದವಳೆಂದು ಗೊತ್ತಾದಾಗಿನಿಂದ ನನ್ನೊಬ್ಬಳ ಹತ್ತಿರ ಮಾತ್ರ ಕನ್ನಡ. ಪರೀಕ್ಷೆಯ ಮೂರನೆಯ ದಿನ ನನ್ನ ಕುರ್ಚಿಯ ಹಿಂದೆ ಬಂದು ನಿಂತರು, ತಲೆದೂಗಿದರು.

"ದೀಪ ಸ್ವಲ್ಪ ದೊಡ್ಡದು ಮಾಡಿ. ಉಳಿದದ್ದು ನಾಳೆ ನೋಡುವಾ," ಎಂದು ಹೋದರು.

ಇಲ್ಲಿ ನಮ್ಮ ಮನೆಯ ಮಾತನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಯಾರೂ ದೀಪ ಆರಿಸುವುದಿಲ್ಲ. ಆರಿಸುತ್ತೇವೆ, ಆದರೆ ಹಾಗೆ ಅನ್ನುವುದಿಲ್ಲ, ಅಂದರೆ ಅವ್ವನ ಕೈಯಲ್ಲಿ ಬೈಸಿಕೊಳ್ಳಬೇಕು. ಬಳೆ ಒಡೆದರೆ ಹೆಚ್ಚಿತು ಅನ್ನಬೇಕು. ಅಕ್ಕಿ ಮುಗಿದರೆ ಹೆಚ್ಚಾಗಿದೆ ಅನ್ನಬೇಕು. ದೀಪ ಆರಿಸುವುದಕ್ಕೆ ದೀಪ ದೊಡ್ಡದು ಮಾಡುವುದು ಅನ್ನಬೇಕು. ಹುಟ್ಟಿದಾಗಿನಿಂದ ನಾನು ಆ ಮಾತನ್ನು ಕೇಳಿದ್ದು ಅದೊಂದೇ ಅರ್ಥದಲ್ಲಿ.

ಹಾಗಾಗಿ ಅಷ್ಟು ದೊಡ್ಡ ಮನುಷ್ಯ, ಎ.ಸಿ. ಕೋಣೆಯಲ್ಲಿ, ಕಂಪ್ಯೂಟರಿನೊಳಗಿನ ದೀಪಕ್ಕೂ ಆರಿಸು ಎನ್ನಲಿಲ್ಲವಲ್ಲ ಎಂದು ನನಗೆ ಎದೆ ತುಂಬಿ ಬಂತು. ಇವರು ನಮ್ಮವರು ಅನ್ನಿಸಿತು. ದೀಪ ಹೋದ ಮರುಗಳಿಗೆಯ ಹೊತ್ತು ಇವರಿಗೆ ಬೇಕಾಗಿದೆ ಎಂದು ನಾನೇ ಅರ್ಥ ಕಟ್ಟಿಕೊಂಡೆ. ದೀಪದ ಬೆಳಕಿನ ಪದರವನ್ನು ಸೊನ್ನೆಗೆ ಇಳಿಸಿದೆ, ಜ್ವಾಲೆಯ ಪದರವನ್ನು ತೆಗೆದೇಬಿಟ್ಟೆ. ಬತ್ತಿಯ ತುದಿಯಲ್ಲಿ ಸಣ್ಣ ಹೊಗೆಯ ಎಳೆಯೊಂದನ್ನು ಪ್ರೀತಿಯಿಂದ ಕೂಡಿಸಿದೆ.

ಮರುದಿನ ದೊಡ್ಡ ತೆರೆಯ ಮೇಲೆ ಎಲ್ಲರ ಕೆಲಸ ಹಾಕಿದರು. ನನ್ನದು ಬಂತು. ಗೂಡಿನಲ್ಲಿ ದೀಪ ಇಲ್ಲ, ಹೊಗೆ ಇದೆ. ಯಾರು ಆರಿಸಲು ಹೇಳಿದ್ದು ಎಂದು ಮುಖ್ಯಸ್ಥರು ಹಿಂದಿಯಲ್ಲಿ ಕೇಳಿದರು. ನೀವೇ ಎಂದೆ. ಎರಡು ನಿಮಿಷ ಇಬ್ಬರೂ ಒಬ್ಬರಿಗೊಬ್ಬರು ಕನ್ನಡ ವಿವರಿಸಿದೆವು. ಕೊನೆಗೆ ಅವರಿಗೆ ಅರ್ಥವಾಗಿ ಅದನ್ನು ಹಿಂದಿಯಲ್ಲಿ ಎಲ್ಲರಿಗೂ ಹೇಳಿದರು. ಕೋಣೆಯೆಲ್ಲ ನಕ್ಕಿತು, ನಾನೂ ನಕ್ಕೆ. ನಗುವಂಥದ್ದೇ ಆಗಿತ್ತು. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ನಿಮ್ಮ ಮನೆಯ ಕನ್ನಡ ಮನೆಯಲ್ಲೇ ಇಟ್ಟು ಬನ್ನಿ, ಆಯ್ತಾ? ಇಲ್ಲಿ ಅದು ಬೇಡ."

ನನ್ನ ನಗು ಅಲ್ಲಿಗೆ ನಿಂತಿತು. ಅವರು ನನ್ನ ಫೈಲು ತೆರೆದು, ದೀಪವನ್ನು ಹಚ್ಚಿ ಹೆಚ್ಚಿಸಿದರು. ಆಮೇಲೆ ಹಿಂದಿನ ಮೂಲೆಗೆ ಎಲ್ಲಿಂದಲೋ ಒಂದು ತೆಳು ಬೆಳಕು ತಂದು ಸುರಿದರು. ಪಾತ್ರೆಯ ಸ್ಟ್ಯಾಂಡಿನ ಲೋಟ, ತಟ್ಟೆ, ಸೌಟು ಎಲ್ಲ ಅಂಗಡಿಯಲ್ಲಿ ಜೋಡಿಸಿಟ್ಟಂತೆ ಕಂಡವು. ಹೀಗೆ ಮಾಡಿ ಸಂಜೆಯೊಳಗೆ ಕೊಟ್ಟರೆ ಪಾಸು ಎಂದರು. ಇಷ್ಟು ಸುಲಭದಲ್ಲಿ ಆ ಕುರ್ಚಿ ಸಿಗುತ್ತಿತ್ತು, ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಕೈ ಅತ್ತ ಹೋಯಿತು.

ದೀಪದ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು. ಸ್ವಲ್ಪ ಹೆಚ್ಚಿಸಿದಾಗ ಅಜ್ಜಿಯ ಗಲ್ಲಕ್ಕೆ ಜೀವ ಬಂತು, ಅದನ್ನು ಇಟ್ಟುಕೊಂಡೆ. ಕೆಂಪು ನೆಲದಿಂದ ಎದ್ದ ಬಣ್ಣ ಸೀರೆಯ ಅಂಚಿಗೆ ಹತ್ತಿತ್ತು, ಅದನ್ನೂ ಹಾಗೇ ಬಿಟ್ಟೆ. ಮೂಲೆಯ ಬೆಳಕನ್ನು ತೆಗೆದೆ. ಒಂದು ಕೊಡದ ಕಂಠ ಮಾತ್ರ ಅಲ್ಲಿ ಮಿನುಗುತ್ತಿತ್ತು. ಫೈಲು ಒಪ್ಪಿಸಿ ಅವರ ಮುಂದೆ ನಿಂತೆ. ಮೂಲೆ ಎಲ್ಲಿ ಎಂದು ಅವರು ಕೇಳಿದರು.

"ಅಲ್ಲಿ ಕಿಟಕಿ ಇಲ್ರಿ ಸರ್. ಆ ಬೆಳಕು ಎಲ್ಲಿಂದ ಬರ್ಬೇಕು?"

ಆ ಪಾತ್ರೆಗಳನ್ನು ಮಾಡಲು ಬೇರೆ ವಿಭಾಗದವರು ವಾರಗಟ್ಟಲೆ ದುಡಿದಿದ್ದಾರೆ, ನೋಡುವವರಿಗೆ ಅವು ಕಾಣಬೇಡವೇ ಎಂದರು. ಅದೂ ನ್ಯಾಯದ ಮಾತೇ. ಆದರೆ ನನ್ನ ಹತ್ತಿರವೂ ಒಂದು ಮಾತಿತ್ತು.

"ನಮ್ಮ ಮನ್ಯಾಗೂ ಸಂಜಿ ಮುಂದ ಪಾತ್ರಿ ಕಾಣಂಗಿಲ್ರಿ. ಆದ್ರ ಅಲ್ಲೆ ಅದಾವು ಅಂತ ಎಲ್ಲಾರಿಗೂ ಗೊತ್ತಿರ್ತದ."

ಅವರು ಮುಂದಿನವರ ಫೈಲು ತೆರೆದರು. ಸಂಜೆ ಪಟ್ಟಿ ಬಂದಾಗ ನನ್ನ ಹೆಸರಿನ ಮುಂದೆ ರೋಟೊದಲ್ಲೇ ಮುಂದುವರಿಯುವುದು ಎಂದಿತ್ತು.

ಒಂದು ವರ್ಷ. ಗೆರೆ, ಗೆರೆ, ಗೆರೆ. ವಡಾಲಾದ ಜಾಮಿನಲ್ಲಿ ನಿಂತ ಬಸ್ಸು, ದಾದರ್‌ನಿಂದ ಸ್ಲೋ ಲೋಕಲ್, ಮತ್ತೆ ಗೆರೆ. ಒಂದು ಮೂಲೆಗೆ ಒಂದು ದೀಪ ಇಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಅವ್ವ ಚಪಾತಿ ಬೇಯಿಸುತ್ತ ಕೇಳುತ್ತಿದ್ದಳು, ಒಮ್ಮೆ, ಹೋಗಿ ತಪ್ಪಾಯಿತು ಅನ್ನು ಎಂದಳು. ಅವಳ ಮೇಲೆ ರೇಗಿದೆ, ಆಮೇಲೆ ಬೇಜಾರಾಯಿತು, ಆದರೆ ತಪ್ಪಾಯಿತು ಎನ್ನಲು ಹೋಗಲಿಲ್ಲ. ತಪ್ಪಾಗಿರಲಿಲ್ಲವಲ್ಲ. ಕ್ಲಾಸು ಬಿಡಲಿಲ್ಲ, ಸ್ಟುಡಿಯೋನೂ ಬಿಡಲಿಲ್ಲ. ಬಿಟ್ಟು ಹೋದರೆ ಮುಖ್ಯಸ್ಥರಿಗೆ ಸಲೀಸು ಎಂದು ಹಟ ಹಿಡಿದು ಕೂತೆ.

ಮತ್ತೆ ನೋಟಿಸು ಬಂತು. ಹೊಸ ದೃಶ್ಯ ಕಟ್ಟಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಅದೇ ಅಜ್ಜಿ, ಅದೇ ಅಕ್ಕಿ. ಎಲ್ಲರೂ ಬೆವರು ಸುರಿಸುವಾಗ ನಾನು ಹಳೆಯ ಫೈಲು ತೆರೆದು ಒಂದು ಗಂಟೆ ನೋಡಿದೆ. ಈ ಸಲ ಮುಖ್ಯಸ್ಥರ ಕಣ್ಣಿನಿಂದ, ತಪ್ಪು ಹುಡುಕುವ ಹಾಗೆ. ಬಾಗಿಲಿನ ನೆರಳನ್ನು ಕೊಂಚ ಮೆದು ಮಾಡೋಣ ಎಂದು ಕೈ ತುರಿಸಿತು. ಮಾಡಲಿಲ್ಲ. ಒಂದು ಕೂದಲೆಳೆಯನ್ನೂ ಅಲುಗಿಸದೆ ಹಾಗೇ ಒಪ್ಪಿಸಿದೆ.

ದೊಡ್ಡ ತೆರೆಯ ಮೇಲೆ ನನ್ನ ಕೆಲಸ ಬಂದಾಗ ಮುಖ್ಯಸ್ಥರು ಕುರ್ಚಿಯಲ್ಲಿ ಮುಂದೆ ಬಾಗಿದರು. ಮತ್ತೊಮ್ಮೆ ಹಾಕಿಸಿ ನೋಡಿದರು. ಮೂಲೆಯನ್ನು ಹೇಗೆ ಬಿಟ್ಟಿದ್ದಾರೆ ನೋಡಿ, ಎಲ್ಲವನ್ನೂ ತೋರಿಸುವ ಚಪಲ ಇಲ್ಲ ಎಂದು ಉಳಿದವರಿಗೆ ಹಿಂದಿಯಲ್ಲಿ ಹೇಳಿದರು. ಆಮೇಲೆ ನನಗೆ ಕನ್ನಡದಲ್ಲಿ, ಸಂತೋಷದಿಂದಲೇ ಹೇಳಿದರು.

"ಒಂದು ವರ್ಷದಲ್ಲಿ ಎಷ್ಟು ಕಲಿತಿರಿ ನೋಡಿ. ಅವತ್ತು ಪಾಸ್ ಮಾಡದೆ ಇದ್ದದ್ದು ಒಳ್ಳೆಯದಾಯ್ತು."

ಅವರ ಕೈಯಲ್ಲಿ ಪಾಸಾದವರ ಪಟ್ಟಿ ಇತ್ತು, ನನ್ನ ಹೆಸರು ಬರೆದಾಗಿತ್ತು, ಸಹಿ ಇನ್ನೂ ಬಿದ್ದಿರಲಿಲ್ಲ. ಸುಮ್ಮನಿದ್ದರೆ ಕುರ್ಚಿ ನನ್ನದು ಎಂದು ಗೊತ್ತಿತ್ತು. ಆದರೆ ಆ ವರ್ಷ ನನ್ನದು. ಅದನ್ನು ತಾವು ಕಲಿಸಿದ ಪಾಠವೆಂದು ಅವರು ಜೇಬಿಗೆ ಹಾಕಿಕೊಳ್ಳುವುದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ.

"ಇದು ಹೋದ ವರ್ಷದ್ದ ಫೈಲ್ ರೀ ಸರ್," ಎಂದೆ. "ತಾರೀಖು ನೋಡ್ರಿ. ನಾ ಏನೂ ಬದಲಿ ಮಾಡಿಲ್ಲ."

ಅವರು ನೋಡಿದರು. ಕನ್ನಡ ಬಾರದವರೂ ಏನೋ ಆಯಿತೆಂದು ತಿಳಿದು ಅವರ ಕಡೆ ತಿರುಗಿದರು. ಅವರ ಕಿವಿ ಕೆಂಪಾದದ್ದು ತೆರೆಯ ಬೆಳಕಿನಲ್ಲೂ ಕಾಣುತ್ತಿತ್ತು. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿ, ನನ್ನ ಕಡೆ ಚಾಚಿದರು. ನಾನು ಎರಡೂ ಕೈಯಿಂದ ತೆಗೆದುಕೊಂಡೆ. ಥ್ಯಾಂಕ್ಸ್ ಹೇಳಲಿಲ್ಲ.