ಇಲ್ಲದ ಕ್ಯಾಮೆರಾದ ಸುರಭಿ

ಸಾರಕ್ಕಿಯ ನಮ್ಮ ಪಿ.ಜಿ. ಕೆಳಗೆ ತರಕಾರಿ ಗಾಡಿಯ ರೆಕಾರ್ಡ್ ಮಾಡಿದ ಕೂಗು ಕೇಳಿದೊಡನೆ ನನ್ನ ರೂಮ್‌ಮೇಟ್ ಸುರಭಿ, ಆಫೀಸಿನ ವಿಡಿಯೊ ಮೀಟಿಂಗ್ ನಡೆಯುತ್ತಿದ್ದರೂ, ಸೊಪ್ಪು ಆರಿಸಲು ಇಳಿದುಬಿಡುತ್ತಾಳೆ. ಲ್ಯಾಪ್‌ಟಾಪಿಗೆ ಅವಳೊಂದು ಡ್ರೈವರ್ ತಂತ್ರಾಂಶ ಹಾಕಿ ಇಲ್ಲದ ಕ್ಯಾಮೆರಾ ಸೃಷ್ಟಿಸಿದ್ದಾಳೆ. ಮೊದಲೇ ತೆಗೆದಿಟ್ಟ ಅವಳ ನಗುಮುಖ ಅದರಲ್ಲಿ ಮತ್ತೆ ಮತ್ತೆ ತಲೆಯಾಡಿಸುತ್ತದೆ. "ಕಂಪ್ಯೂಟರ್‌ನ ನಂಬಿಸಿದ್ರೆ ಸಾಕು ಕಣೇ, ಮನುಷ್ಯರು ತಾವಾಗೇ ನಂಬ್ತಾರೆ" ಎನ್ನುತ್ತಾಳೆ. ನಮ್ಮಿಬ್ಬರ ಮ್ಯಾನೇಜರ್ ಆ ವಿಡಿಯೊ ನೋಡಿ "ಸುರಭಿ ಎಷ್ಟು ಗಮನವಿಟ್ಟು ಕೇಳ್ತಾರೆ!" ಎಂದು ಹೊಗಳುವಾಗ, ಪಕ್ಕದ ಚೌಕದಲ್ಲಿ ನಿಜವಾಗಿಯೂ ಕೂತಿರುವ ನನಗೆ ಹೊಟ್ಟೆ ಉರಿಯುತ್ತದೆ. ಇಂದು ಸೋತು, "ನಂಗೂ ಹಾಕ್ಕೊಡೇ" ಎಂದೆ. ಅವಳು ಮೊಬೈಲ್ ಹಿಡಿದಳು, ನಾನು ನಕ್ಕೆ, ಒಂದೇ ಸಲಕ್ಕೆ ಮುಗಿಯಿತು. ಪರದೆಯ ಮೇಲಿನ ನನ್ನ ನಗುವನ್ನು ತುಂಬ ಹೊತ್ತು ನೋಡಿದಳು. ಕೆಳಗೆ ಗಾಡಿ ಕೂಗಿತು. ಚೀಲ ಎತ್ತಿಕೊಂಡು ಮೆಟ್ಟಿಲಿಳಿಯುತ್ತಲೇ ಅಂದಳು: "ನಂದು ತೆಗೆಯೋಕೆ ಇಡೀ ಭಾನುವಾರ ಬೇಕಾಯ್ತು ಕಣೇ, ನಿಂಗೆ ಹೆಂಗೆ ಒಂದೇ ಸಲಕ್ಕೆ ಸುಳ್ಳು ನಗು ಬಂತು?"