ಒಂದು ತೂತಿನಷ್ಟು ಉದ್ದ

ಪಿಕಪ್ಪನ್ನು ಎತ್ತರ ಮಾಡಿಸುವ ಹುಚ್ಚು ತೊಂಬತ್ತರ ದಶಕದಲ್ಲಿ ಬಹರೈನಿನ ಹುಡುಗರಿಗೆ ಜೋರಾಗಿ ಹಿಡಿದಿತ್ತು. ಶುಕ್ರವಾರ ಸಖೀರಿನ ಕಲ್ಲು ಮರಳಿನ ಬಯಲಿನಲ್ಲಿ ಗಾಡಿ ಹಾರಿಸುವುದು, ಶನಿವಾರ ಬೆಳಿಗ್ಗೆ ಮುಂದಿನ ಆಕ್ಸೆಲ್ ಮುರಿದುಕೊಂಡು ನಮ್ಮ ಗ್ಯಾರೇಜಿಗೆ ಬರುವುದು. ಗಾಡಿ ಎತ್ತರವಾದಷ್ಟೂ ಆಕ್ಸೆಲ್ಲಿನ ಜಾಯಿಂಟು ಓರೆಯಾಗುತ್ತದೆ. ಚಕ್ರ ಗುಂಡಿಗೆ ಜೋತುಬಿದ್ದಾಗ ಇನ್ನಷ್ಟು ಓರೆ. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುರಿಯದೆ ಇನ್ನೇನಾಗುತ್ತದೆ? ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು, ಒಬ್ಬನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಣ್ಣ ಮಾತ್ರ ಬೇಸರಿಸುತ್ತಿರಲಿಲ್ಲ. ಅಣ್ಣ ಎಂದರೆ ನನ್ನ ಒಡಹುಟ್ಟಿದವರಲ್ಲ, ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. ಗುದೈಬಿಯಾದ ಒಂದೇ ಕೋಣೆಯಲ್ಲಿ ನಾವು ಒಂಬತ್ತು ವರ್ಷ ಇದ್ದೆವು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಹಾಗಾಗಿ ನಮ್ಮ ನಡುವೆ ಕನ್ನಡ. ಬಂದ ಹೊಸದರಲ್ಲಿ ನನಗೆ ಸ್ಪ್ಯಾನರ್ ಹಿಡಿಯಲೂ ನೆಟ್ಟಗೆ ಬರುತ್ತಿರಲಿಲ್ಲ. ಕಲಿಸಿದವರು ಅವರು. ಹಗಲಿಡೀ ಬೈದು, ಸಂಜೆ ಮೀನು ಸಾರು ಮಾಡಿ ಬಡಿಸುತ್ತಿದ್ದರು.

ಆಕ್ಸೆಲ್ ಉಳಿಸಲು ಅವರು ಒಂದು ಬೆಲ್ಟು ಹಾಕುತ್ತಿದ್ದರು. ದಪ್ಪ ನೇಯ್ಗೆಯದು, ಉದ್ದಕ್ಕೂ ತೂತುಗಳಿರುವಂಥದು. ಒಂದು ತುದಿ ಗಾಡಿಯ ಚಾಸಿಗೆ, ಇನ್ನೊಂದು ತುದಿ ಚಕ್ರ ಹಿಡಿದಿರುವ ಕಬ್ಬಿಣದ ತೋಳಿಗೆ. ಚಕ್ರ ಇಷ್ಟಕ್ಕಿಂತ ಕೆಳಗೆ ಜೋತುಬೀಳದಂತೆ ಅದು ತಡೆಯುತ್ತದೆ. ಬೋಲ್ಟನ್ನು ಯಾವ ತೂತಿಗೆ ಹಾಕುತ್ತೇವೆ ಎಂಬುದರಲ್ಲೇ ಎಲ್ಲ ಇರುವುದು. ಅಣ್ಣ ಗಾಡಿಯನ್ನು ಜಾಕಿನಿಂದ ಎತ್ತಿ, ಚಕ್ರವನ್ನು ಗಾಳಿಯಲ್ಲಿ ಜೋತುಬಿಟ್ಟು, ಕಣ್ಣು ಮುಚ್ಚಿ ಆಕ್ಸೆಲನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಜಾಯಿಂಟು ಎಲ್ಲಿ ಬಿಗಿಯುತ್ತದೆ ಎಂದು ಅವರ ಬೆರಳಿಗೆ ತಿಳಿಯುತ್ತಿತ್ತು. ಅದಕ್ಕಿಂತ ತುಸು ಮೇಲೆಯೇ ಚಕ್ರ ನಿಲ್ಲುವಂತೆ ಬೆಲ್ಟು ಬಿಗಿದು, ಬೋಲ್ಟಿನ ಮೇಲೆ ಬಿಳಿ ಪೇಂಟಿನ ಗೀಟು ಎಳೆಯುತ್ತಿದ್ದರು.

ಬಿಗಿದವನು ತನ್ನ ಬಣ್ಣ ಹಚ್ಚಬೇಕು ಎಂಬುದು ಗ್ಯಾರೇಜಿನ ಪದ್ಧತಿ. ಬಿಳಿ ಅವರದು, ಹಳದಿ ನನ್ನದು. ಯಾರೂ ಹೇಳಿಕೊಡದ ಇನ್ನೊಂದು ಪದ್ಧತಿಯೂ ಇತ್ತು. ಬಿಳಿ ಗೀಟು ಬಿದ್ದ ಕಡೆ ನಾವು ಊರವರು ಯಾರೂ ಮತ್ತೆ ಸ್ಪ್ಯಾನರ್ ಇಡುತ್ತಿರಲಿಲ್ಲ. ಹಿರಿಯರ ಕೆಲಸವನ್ನು ಅವರೆದುರೇ ತಪಾಸಣೆ ಮಾಡುವುದೆಂದರೆ ಅವರ ಮರ್ಯಾದೆ ತೆಗೆದಂತೆ.

ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಕೊಟ್ಟಿದ್ದರು, ಅದಕ್ಕೆ ಇನ್ನೂ ಮೂರು ತಿಂಗಳಿತ್ತು. ಗ್ಯಾರೇಜಿನಲ್ಲಿ ಗುಸುಗುಸು ಶುರುವಾಯಿತು. "ಕಣ್ಣು ಹೋದ್ರೆ ಹೋಗ್ಲಿ, ಕೈ ಉಂಟಲ್ಲ ಮಾರಾಯ" ಎಂದು ಅಣ್ಣ ನಗುತ್ತಿದ್ದರು. ನಗುತ್ತಿದ್ದರು ಅಷ್ಟೆ, ಒಳಗೆ ಹೆದರಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ತಮ್ಮ ಕೈಯ ಮೇಲಿನ ನಂಬಿಕೆ ಬಿಟ್ಟರೆ ಅವರಿಗೆ ಬೇರೇನೂ ಉಳಿದಿರಲಿಲ್ಲ.

ಒಂದು ಗುರುವಾರ ಕೆಂಪು ಪಿಕಪ್ಪೊಂದರ ಕೆಲಸ ಮುಗಿಸಿ, ಗಾಡಿಯನ್ನು ನೆಲಕ್ಕಿಳಿಸಿ ಅಣ್ಣ ಊಟಕ್ಕೆ ಹೋದರು. ನಾನು ಸುಮ್ಮನೆ ಬಗ್ಗಿ ನೋಡಿದೆ. ಎಡಗಡೆಯ ಬೆಲ್ಟು ಐದನೇ ತೂತಿನಲ್ಲಿತ್ತು, ಬಲಗಡೆಯದು ನಾಲ್ಕನೆಯದರಲ್ಲಿ, ಒಂದು ತೂತಿನಷ್ಟು ಗಿಡ್ಡ. ಅಯ್ಯೋ ಪಾಪ, ಕಣ್ಣು ಕಾಣದೆ ತೂತು ತಪ್ಪಿದ್ದಾರೆ ಎಂದುಕೊಂಡೆ. ಕರೆದು ತೋರಿಸಿದರೆ ಎಲ್ಲರೆದುರು ಅವರ ಮುಖ ಸಣ್ಣದಾಗುತ್ತದೆ. ಜಾಕಿನಿಂದ ಎತ್ತಿ ಪರೀಕ್ಷಿಸೋಣವೆಂದರೆ ಯಾರಾದರೂ ನೋಡಿ ಕೇಳಿಯಾರು. ನನ್ನ ಬುದ್ಧಿಗೆ ಬೆಂಕಿ ಬೀಳಲಿ, ನಿಂತ ಗಾಡಿಯ ಕೆಳಗೆ ತೂರಿ ಬಲಗಡೆಯ ಬೋಲ್ಟನ್ನೂ ಐದನೇ ತೂತಿಗೆ ಹಾಕಿದೆ. ಅವರದೇ ಡಬ್ಬಿಯಿಂದ ಬಿಳಿ ಗೀಟು ಎಳೆದೆ. ದೊಡ್ಡ ಪುಣ್ಯದ ಕೆಲಸ ಮಾಡಿದವನಂತೆ ಕೈ ತೊಳೆದುಕೊಂಡು ಊಟಕ್ಕೆ ಹೋಗಿ ಅವರ ಪಕ್ಕದಲ್ಲೇ ಕೂತೆ.

ಶನಿವಾರ ಆ ಪಿಕಪ್ಪನ್ನು ಇನ್ನೊಂದು ಗಾಡಿ ಎಳೆದು ತಂದಿತು. ಓಡಿಸಿದ ಹುಡುಗನಿಗೆ ಏನೂ ಆಗಿರಲಿಲ್ಲ. ಬಲಗಡೆಯ ಜಾಯಿಂಟು ಮಾತ್ರ ಪುಡಿಯಾಗಿತ್ತು.

ಅಣ್ಣ ಗಾಡಿಯ ಕೆಳಗೆ ಮಲಗಿ ಬೆಲ್ಟಿನ ತೂತುಗಳನ್ನು ಬೆರಳಿನಿಂದ ಎಣಿಸಿದರು. ಮತ್ತೆ ಎಣಿಸಿದರು. ಹೊರಗೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಬಲದ ಜಾಯಿಂಟು ಬೇಗ ಬಿಗೀತಿತ್ತು. ಅದಕ್ಕೇ ನಾಲ್ಕಕ್ಕೆ ಹಾಕ್ಬೇಕು ಅಂತ ಮಾಡಿದ್ದೆ" ಎಂದರು. "ಹಾಕಿದ್ದು ಹಾಗೇ ನೆನಪು ನಂಗೆ. ನೋಡಿದ್ರೆ ಐದರಲ್ಲಿ ಉಂಟು. ಗೀಟು ನನ್ನದೇ."

ಆಗಲೇ ಹೇಳಬೇಕಿತ್ತು. ಮೊದಲು ಕೆಲಸ ಹೋದೀತೆಂಬ ಹೆದರಿಕೆಯಿಂದ ಬಾಯಿ ಬರಲಿಲ್ಲ. ಆ ಹೆದರಿಕೆ ಅರ್ಧ ಗಂಟೆಯಲ್ಲೇ ಹೋಯಿತು. ಅರಬಾಬ್, ಅಂದರೆ ನಮ್ಮ ಮಾಲೀಕ, ಮುರಿದ ತುಂಡು ನೋಡಿ "ಖಲ್ಲಿ ವಲ್ಲಿ, ದೂಸ್ರಾ ಲಗಾವೊ" ಎಂದು ಕೈ ಬೀಸಿ ಹೋಗಿಬಿಟ್ಟ. ಬಿಟ್ಟುಹಾಕು, ಬೇರೆ ಹಾಕು, ಅಷ್ಟೆ. ಆಮೇಲೆ ನನ್ನ ಬಾಯಿ ಕಟ್ಟಿದ್ದು ನಾಚಿಕೆ. ಅವರ ಬೆನ್ನ ಹಿಂದೆ ಅವರ ಕೆಲಸ ತಿದ್ದಿದೆ, ಅದೂ ಸರಿಯಿದ್ದ ಕೆಲಸವನ್ನು, ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ನಾಳೆ ಹೇಳುತ್ತೇನೆ ಎಂದುಕೊಂಡೆ. ಒಂದೇ ಕೋಣೆಯಲ್ಲಿ ಮಲಗಿ ಎದ್ದು ಎಷ್ಟೋ ನಾಳೆಗಳನ್ನು ಕಳೆದೆ.

ಅಂದಿನಿಂದ ಅಣ್ಣ ಪ್ರತಿ ಬೋಲ್ಟಿಗೂ ನನ್ನನ್ನು ಕರೆಯತೊಡಗಿದರು. "ಸ್ವಲ್ಪ ನೋಡಾ ಮಾರಾಯ, ಸರಿ ಉಂಟಾ?" ನನಗೆ ಕಲಿಸಿದವರು ನನ್ನನ್ನೇ ಕೇಳುತ್ತಿದ್ದರು. ಎಲ್ಲವೂ ಸರಿಯಾಗೇ ಇರುತ್ತಿತ್ತು, ಹಾಗೆಂದು ಹೇಳಿದರೂ ನಂಬುತ್ತಿರಲಿಲ್ಲ. "ನನ್ನ ಮನಸ್ಸು ನೋಯದಿರಲಿ ಅಂತ ಹೇಳ್ತಿ ನೀನು" ಎನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ಎಂಜಿನ್, ಆಕ್ಸೆಲ್ ಯಾವುದನ್ನೂ ಮುಟ್ಟದೆ ಪಾರ್ಟ್ಸ್ ತೊಳೆಯುವ ಕೆಲಸಕ್ಕೆ ತಾವಾಗಿಯೇ ಕೂತರು.

ಆಪರೇಷನ್ನಿನ ದಿನ ಹತ್ತಿರ ಬಂದಾಗ ನಾನು ರಜೆ ಹಾಕಿ ಕರೆದುಕೊಂಡು ಹೋಗಲು ತಯಾರಾದೆ. ಅವರು ಬರಲಿಲ್ಲ.

"ಕೈಯೇ ಹೋಯ್ತಲ್ಲ, ಇನ್ನು ಕಣ್ಣು ಎಂತಕ್ಕೆ?" ಎಂದರು.

ವೀಸಾ ಮುಗಿಯುತ್ತ ಬಂದಿತ್ತು. ಅರಬಾಬ್ ಇನ್ನೆರಡು ವರ್ಷ ಇರು ಎಂದು ಎರಡು ಸಲ ಹೇಳಿದ. ಅಣ್ಣ ಒಪ್ಪಲಿಲ್ಲ. ಕುಮಟಾದಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆಂದರು.

ಮಧ್ಯಾಹ್ನದ ವಿಮಾನ. ದಾರಿಯುದ್ದಕ್ಕೂ, ಈಗ ಹೇಳುತ್ತೇನೆ, ಈ ಸಿಗ್ನಲ್ ದಾಟಿದ ಮೇಲೆ ಹೇಳುತ್ತೇನೆ ಎಂದು ಟ್ಯಾಕ್ಸಿಯಲ್ಲಿ ಬೆವರುತ್ತ ಕೂತಿದ್ದೆ. ಏರ್‌ಪೋರ್ಟಿನ ಬಾಗಿಲಲ್ಲಿ ಅವರ ಪೆಟ್ಟಿಗೆ ಇಳಿಸಿಕೊಟ್ಟು ಕಾಲು ಮುಟ್ಟಿದೆ. ಅವರು ನನ್ನ ಭುಜ ಹಿಡಿದು ಎಬ್ಬಿಸಿದರು.

"ಅಣ್ಣ, ಆ ಕೆಂಪು ಗಾಡಿ..." ಎಂದೆ.

"ಅದರದ್ದೇ ಹೇಳ್ಬೇಕು ಅಂತಿದ್ದೆ ನಾನೂ" ಎಂದರು. "ಕಣ್ಣು ಕಾಣೂದಿಲ್ಲ ಅಂತ ಗೊತ್ತಿದ್ದೂ ಅಹಂಕಾರ ನಂಗೆ, ನಿನ್ನತ್ರ ನೋಡು ಅಂತ ಹೇಳ್ಲಿಲ್ಲ. ಅವತ್ತು ನೀನು ಒಂದ್ಸಲ ಕೆಳಗೆ ಬಗ್ಗಿ ನೋಡಿದ್ರೆ ಸಾಕಿತ್ತು, ನನ್ನ ತಪ್ಪು ಅಲ್ಲೇ ಹಿಡೀತಿದ್ದಿ. ಅಲ್ವನಾ?"

"ಹೌದಣ್ಣ" ಎಂದೆ.